ತಲೆ ಎಣಿಸಿ ಕೊಟ್ಟ ಗ್ರಾಂಟು: ಬ್ರಿಟಿಷರ ಕಾಲದ ಪರೀಕ್ಷೆ ಮತ್ತು ಶಾಲೆಯ ದುಡ್ಡು

ಪ್ರಶ್ನೆ: ನಮ್ಮ ಪಠ್ಯದಲ್ಲಿ ‘ಫಲಿತಾಂಶಕ್ಕೆ ತಕ್ಕ ಅನುದಾನ’ದ ಬಗ್ಗೆ ಎರಡೇ ಸಾಲು ಇವೆ. ಅದು ಹೇಗೆ ನಡೆಯುತ್ತಿತ್ತು? ಒಂದು ಶಾಲೆಗೆ ಎಷ್ಟು ಬರುತ್ತಿತ್ತು ಎಂದು ಲೆಕ್ಕ ಹಾಕಿ ತೋರಿಸಬಹುದೇ? – ಬಿ.ಇಡಿ. ವಿದ್ಯಾರ್ಥಿನಿ, ದಾವಣಗೆರೆ

ತೋರಿಸಬಹುದು. ಆದರೆ ಲೆಕ್ಕ ಶುರುವಾಗುವುದು ಇಂಗ್ಲೆಂಡಿನಲ್ಲಿ. ಶಾಲೆಗಳ ಮೇಲೆ ಸರ್ಕಾರದ ಖರ್ಚು ಏರುತ್ತಲೇ ಇದೆ, ಬಹಳಷ್ಟು ಮಕ್ಕಳಿಗೆ ಮಾತ್ರ ಓದು ಬರಹ ಸರಿಯಾಗಿ ಹತ್ತುತ್ತಿಲ್ಲ ಎಂದು ನ್ಯೂಕ್ಯಾಸಲ್ ಆಯೋಗ 1861ರಲ್ಲಿ ವರದಿ ಕೊಟ್ಟಿತು. ಮರುವರ್ಷ ಅಲ್ಲಿನ ಸರ್ಕಾರದಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಮುಂದೆ ನಿಂತು ‘ಪರಿಷ್ಕೃತ ಸಂಹಿತೆ’ ಎಂಬ ಹೊಸ ಅನುದಾನ ನಿಯಮ ತಂದರು. ಈ ಪದ್ಧತಿ ಅಗ್ಗವಾಗದಿದ್ದರೆ ಕೆಲಸವಾದರೂ ಚೆನ್ನಾಗುತ್ತದೆ, ಕೆಲಸ ಚೆನ್ನಾಗದಿದ್ದರೆ ಅಗ್ಗವಾದರೂ ಆಗುತ್ತದೆ ಎಂಬುದು ಅವರ ವಾದ.

ದರಪಟ್ಟಿ ಹೀಗಿತ್ತು (ಆಗ 12 ಪೆನ್ಸಿಗೆ ಒಂದು ಷಿಲಿಂಗ್, 20 ಷಿಲಿಂಗಿಗೆ ಒಂದು ಪೌಂಡ್). ವರ್ಷದ ಸರಾಸರಿ ಹಾಜರಿಯಲ್ಲಿ ಪ್ರತಿ ಮಗುವಿಗೆ 4 ಷಿಲಿಂಗ್. ಆರು ವರ್ಷ ದಾಟಿ, 200ಕ್ಕಿಂತ ಹೆಚ್ಚು ಹಾಜರಿ ಇದ್ದು ಪರೀಕ್ಷೆಗೆ ಕೂತ ಮಗುವಿಗೆ ಇನ್ನೂ 8 ಷಿಲಿಂಗ್. ಬೆಳಗಿನ ಪಾಳಿ ಒಂದು ಹಾಜರಿ, ಮಧ್ಯಾಹ್ನದ್ದು ಇನ್ನೊಂದು. ಈ 8 ಷಿಲಿಂಗಿನಲ್ಲಿ ಓದು, ಬರಹ, ಲೆಕ್ಕ ಮೂರಕ್ಕೂ ಸಮಪಾಲು. ಒಂದರಲ್ಲಿ ಫೇಲಾದರೆ 2 ಷಿಲಿಂಗ್ 8 ಪೆನ್ಸ್ ಕಡಿತ.

ಸರಾಸರಿ 60 ಮಕ್ಕಳಿರುವ ಶಾಲೆ ಎಂದುಕೊಳ್ಳಿ. ಹಾಜರಿಯ ಬಾಬ್ತು 240 ಷಿಲಿಂಗ್ ಬಂತು. ಇಪ್ಪತ್ತು ಮಕ್ಕಳಿಗೆ 200 ಹಾಜರಿ ತುಂಬಿಲ್ಲ, ಉಳಿದ 40 ಮಕ್ಕಳು ಪರೀಕ್ಷೆಗೆ ಕೂತರು. ಎಲ್ಲರೂ ಎಲ್ಲದರಲ್ಲೂ ಪಾಸಾಗಿದ್ದರೆ 320 ಷಿಲಿಂಗ್ ಬರಬೇಕು. ಆದರೆ ಓದಿನಲ್ಲಿ 6, ಬರಹದಲ್ಲಿ 10, ಲೆಕ್ಕದಲ್ಲಿ 20 ಮಕ್ಕಳು ಫೇಲು. ಒಟ್ಟು 36 ಕಡಿತ, ಅಂದರೆ 96 ಷಿಲಿಂಗ್ ಹೋಯಿತು. 240ಕ್ಕೆ 224 ಕೂಡಿಸಿದರೆ 464 ಷಿಲಿಂಗ್, ಅಂದರೆ 23 ಪೌಂಡ್ 4 ಷಿಲಿಂಗ್. ಆಗ ಒಂದು ರೂಪಾಯಿಗೆ ಸುಮಾರು 2 ಷಿಲಿಂಗ್ ಇದ್ದುದರಿಂದ ನಮ್ಮ ದುಡ್ಡಿನಲ್ಲಿ 232 ರೂಪಾಯಿ ಆಸುಪಾಸು. ಲೆಕ್ಕದ ಇಪ್ಪತ್ತು ಫೇಲುಗಳಿಂದಲೇ 53 ಷಿಲಿಂಗಿಗೂ ಮೇಲೆ ಹೋಯಿತು ಎಂಬುದನ್ನು ಗಮನಿಸಿ. ಮರುವರ್ಷ ಮೇಷ್ಟ್ರು ಯಾವ ಪಾಠಕ್ಕೆ ಹೊತ್ತು ಕೊಡುತ್ತಾರೆಂದು ಬೇರೆ ಹೇಳಬೇಕಿಲ್ಲ.

ಪರೀಕ್ಷೆಯ ಮಟ್ಟ ಆರು ‘ಸ್ಟ್ಯಾಂಡರ್ಡು’ಗಳಲ್ಲಿತ್ತು. ಒಂದನೆಯದರಲ್ಲಿ ಚಿಕ್ಕ ಚಿಕ್ಕ ಪದಗಳ ಓದು, ಹೇಳಿದ ಅಕ್ಷರವನ್ನು ಸ್ಲೇಟಿನ ಮೇಲೆ ಬರೆಯುವುದು, 20ರವರೆಗಿನ ಅಂಕಿ ಗುರುತಿಸುವುದು. ಆರನೆಯದರಲ್ಲಿ ಪತ್ರಿಕೆಯ ಸಾಧಾರಣ ಪ್ಯಾರಾ ಓದಿ, ಹೇಳಿದ್ದನ್ನು ಬರೆದು, ಅಂಗಡಿ ಬಿಲ್ಲಿನಂಥ ಲೆಕ್ಕ ಬಿಡಿಸಬೇಕು.

ಕೆಟ್ಟದ್ದು ಎಲ್ಲಿ? ಮೊದಲನೆಯದಾಗಿ, ದರಪಟ್ಟಿಯಲ್ಲಿ ಇಲ್ಲದ್ದು ತರಗತಿಯಿಂದಲೂ ಹೋಯಿತು. ಭೂಗೋಳ, ಇತಿಹಾಸಗಳಿಗೆ ದುಡ್ಡಿಲ್ಲ, ಹಾಗಾಗಿ ಹೊತ್ತೂ ಇಲ್ಲ. ಎರಡನೆಯದು, ಹೇಗೂ ಪಾಸಾಗುವ ಮಗುವಿನ ಮೇಲೆ ಶ್ರಮ ಹಾಕಿದರೆ ಹೆಚ್ಚು ದುಡ್ಡು ಬರುವುದಿಲ್ಲ, ಹೇಗೂ ಫೇಲಾಗುವ ಮಗುವಿನ ಮೇಲೆ ಹಾಕಿದರೂ ಬರುವುದಿಲ್ಲ. ಪಾಠವೆಲ್ಲ ಅಂಚಿನಲ್ಲಿ ನಿಂತವರಿಗೆ ಹರಿಯಿತು. ಮೂರನೆಯದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ: ಒಂದು ಮಗುವನ್ನು ಅದೇ ಸ್ಟ್ಯಾಂಡರ್ಡಿಗೆ ಎರಡನೇ ಸಲ ಕೂರಿಸುವಂತಿರಲಿಲ್ಲ. ಮೂರನೆಯದಕ್ಕೆ ತಯಾರಿದ್ದ ಮಗುವನ್ನು ಒಂದನೆಯದಕ್ಕೇ ಕೂರಿಸಿದರೆ ಮುಂದೆ ಹೆಚ್ಚು ವರ್ಷ ದುಡ್ಡು ಗ್ಯಾರಂಟಿ. ಇನ್ನು ಓದಿನ ಪುಸ್ತಕವನ್ನೇ ಉರು ಹೊಡೆಸುವುದು, ಹಾಜರಿ ಪುಸ್ತಕ ತಿದ್ದುವುದು, ಜ್ವರ ಬಂದ ಮಗುವನ್ನೂ ಪರೀಕ್ಷೆಯ ದಿನ ಎತ್ತಿ ತರುವುದು ಇವೆಲ್ಲ ಇದ್ದೇ ಇದ್ದವು. ಸ್ವತಃ ಶಾಲಾ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಇದನ್ನು ಕಟುವಾಗಿ ವಿರೋಧಿಸಿದರು. ಪಾಠ ನೋಡಿ ಸಲಹೆ ಕೊಡಬೇಕಾದ ಇನ್ಸ್‌ಪೆಕ್ಟರು ಪಾಸು-ಫೇಲು ಗೀಚುವ ಗುಮಾಸ್ತರಾದರು. ಲೋ ಅವರ ಒಂದು ಮಾತು ಮಾತ್ರ ನಿಜವಾಯಿತು: 8 ಲಕ್ಷ ಪೌಂಡು ದಾಟಿದ್ದ ಅನುದಾನ 1865ರ ಹೊತ್ತಿಗೆ ಸುಮಾರು 6.4 ಲಕ್ಷಕ್ಕೆ ಇಳಿಯಿತು.

ಹಿಂದೂಸ್ತಾನಕ್ಕೆ ಇದು ಬಂದದ್ದು 1860ರ ದಶಕದಲ್ಲಿ. ಖಾಸಗಿ ಶಾಲೆಗಳಿಗೆ ಸಹಾಯಧನದ ದಾರಿಯನ್ನು ಲಂಡನ್ನಿನಿಂದ ಬಂದ ಶಿಕ್ಷಣ ನೀತಿಯ ಪತ್ರವಾದ 1854ರ ವುಡ್ ಆದೇಶವೇ ತೆರೆದಿತ್ತು. ಸ್ಥಳೀಯ ಆಡಳಿತ ಮಂಡಳಿ ಸರಿಯಾಗಿರಬೇಕು, ಸರ್ಕಾರಿ ತಪಾಸಣೆಗೆ ಒಪ್ಪಬೇಕು, ಮಕ್ಕಳಿಂದ ಅಷ್ಟೋ ಇಷ್ಟೋ ಫೀ ತೆಗೆದುಕೊಳ್ಳಬೇಕು ಎಂಬುದು ಷರತ್ತು. ಫಲಿತಾಂಶದ ಲೆಕ್ಕವನ್ನು ಮದ್ರಾಸು 1868ರಲ್ಲಿ ಜಾರಿಗೆ ತಂದಿತು, ಮುಂಬಯಿ ಅದಕ್ಕೆ ತುಸು ಮೊದಲೇ ತಂದಿತ್ತು. ಇಲ್ಲಿ ಇದರಿಂದ ಒಂದು ಲಾಭವೂ ಆಯಿತು ಎನ್ನಬೇಕು. ಊರ ಚಾವಡಿಯಲ್ಲೋ ಮಠದ ಜಗುಲಿಯಲ್ಲೋ ಮಗ್ಗಿ, ಕಾಲು-ಅರೆ-ಮುಕ್ಕಾಲು ಹೇಳಿಕೊಡುತ್ತಿದ್ದ ಕೂಲಿಮಠದ ಐಗಳೂ ನಾಲ್ಕು ಮಕ್ಕಳನ್ನು ಪಾಸು ಮಾಡಿಸಿದರೆ ಸರ್ಕಾರದ ಪಟ್ಟಿಗೆ ಸೇರಬಹುದಿತ್ತು. ಕಟ್ಟಡ, ಸರ್ಟಿಫಿಕೇಟು ಯಾವುದೂ ಇಲ್ಲದವರಿಗೆ ಇದೊಂದೇ ಬಾಗಿಲು. ಆದರೆ ಹಾಜರಿ ತಪ್ಪಿದರೆ ದುಡ್ಡೂ ತಪ್ಪಿತು. 1876–78ರ ಬರದಂಥ ಕಾಲದಲ್ಲಿ ಮಕ್ಕಳು ಶಾಲೆ ಬಿಟ್ಟರೆ, ಮೇಷ್ಟ್ರಿಗೆ ಕಾಳು ಸಿಗದ ವರ್ಷವೇ ಗ್ರಾಂಟೂ ಇಲ್ಲ. ಈ ಪದ್ಧತಿಯ ಅತಿ ದೊಡ್ಡ ದೋಷ ಇದೇ. ಉರು ಹೊಡೆಸುವುದನ್ನು ತಿದ್ದಬಹುದು, ಬಡ ಊರಿಗೆ ಕಡಿಮೆ ಕೊಡುವ ಸೂತ್ರವನ್ನು ಪರೀಕ್ಷೆ ಬದಲಿಸಿ ತಿದ್ದಲಾಗದು.

ಇಲ್ಲಿನ ಶಿಕ್ಷಣದ ಸ್ಥಿತಿ ನೋಡಲು ಸರ್ಕಾರ ನೇಮಿಸಿದ 1882ರ ಹಂಟರ್ ಆಯೋಗ ಕಾಲೇಜುಗಳಿಗೆ ಇದು ಬೇಡವೆಂದಿತು, ಪ್ರಾಥಮಿಕ ಶಾಲೆಗಳಿಗೆ ಮಾತ್ರ ಇರಲಿ ಎಂದಿತು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ, ವೈಸ್‌ರಾಯ್ ಕರ್ಜನ್ ಕಾಲದ ಸುಧಾರಣೆಗಳ ಜೊತೆ, ಪ್ರಾಂತ್ಯಗಳು ಒಂದೊಂದಾಗಿ ಕೈಬಿಟ್ಟವು. ಇಂಗ್ಲೆಂಡು ಅದಕ್ಕೂ ಮೊದಲೇ ಬಿಟ್ಟಿತ್ತು.

ಪ್ರಶ್ನೆ: ಹರಿಹರದ ಶಾಲೆ, ಹೊಳೆಯಾಚೆ ರಾಣೆಬೆನ್ನೂರು ಕಡೆಯ ಶಾಲೆ, ಹರಪನಹಳ್ಳಿಯ ಶಾಲೆ ಬ್ರಿಟಿಷರ ಕಾಲದಲ್ಲಿ ಒಂದೇ ನಿಯಮಕ್ಕೆ ಸೇರಿದ್ದವೇ? – ಪ್ರೌಢಶಾಲಾ ಶಿಕ್ಷಕರು, ಹರಿಹರ

ಇಲ್ಲ, ಮೂರಕ್ಕೂ ಬೇರೆ ಬೇರೆ ಸರ್ಕಾರ. ರಾಣೆಬೆನ್ನೂರು ಧಾರವಾಡ ಜಿಲ್ಲೆ, ಅಂದರೆ ಮುಂಬಯಿ ಪ್ರಾಂತ್ಯ. ಹರಪನಹಳ್ಳಿ ಬಳ್ಳಾರಿ ಜಿಲ್ಲೆ, ಅಂದರೆ ಮದ್ರಾಸ್ ಪ್ರಾಂತ್ಯ. ಹರಿಹರ, ದಾವಣಗೆರೆ, ಚಿತ್ರದುರ್ಗ ಮೈಸೂರು ಸೀಮೆ. ಅದು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು, ಆಮೇಲೆ ಮತ್ತೆ ಒಡೆಯರದು. ಒಂದು ದಿನದ ನಡಿಗೆಯೊಳಗೆ ಮೂರು ಇಲಾಖೆ, ಮೂರು ಲೆಕ್ಕದ ರೀತಿ. ಕನ್ನಡ ಶಾಲೆಗಳ ಚರಿತ್ರೆ ಬರೆಯುವವರು ಇಡೀ ಕರ್ನಾಟಕಕ್ಕೆ ಒಂದೇ ಕಥೆ ಹೇಳಿ ಎಡವುವುದು ಇಲ್ಲಿಯೇ.

ಮುಂಬಯಿ ಕಡೆ ದುಡ್ಡಿನ ಬೇರು ಭೂಕಂದಾಯದಲ್ಲಿತ್ತು. ಒಂದು ರೂಪಾಯಿ ಕಂದಾಯಕ್ಕೆ ಒಂದಾಣೆ ಲೋಕಲ್ ಫಂಡ್ ಸೆಸ್, ಅದರ ಮೂರನೇ ಒಂದು ಪಾಲು ಶಾಲೆಗೆ. 30 ರೂಪಾಯಿ ಕಂದಾಯದ ರೈತ 30 ಆಣೆ ಸೆಸ್ ಕಟ್ಟಿದರೆ 10 ಆಣೆ ಶಾಲೆಯ ಲೆಕ್ಕಕ್ಕೆ. ರೈತರ ದುಡಿಮೆಯಿಂದ ಬಂದ ಹಣ ಮೇಲ್ವರ್ಗದವರ ಓದಿಗೆ ಹೋಗುತ್ತಿದೆ, ಹಳ್ಳಿಯ ಪ್ರಾಥಮಿಕ ಶಾಲೆಗೆ ಬರುತ್ತಿಲ್ಲ ಎಂದು ಜ್ಯೋತಿಬಾ ಫುಲೆ 1882ರಲ್ಲಿ ಹಂಟರ್ ಆಯೋಗಕ್ಕೆ ಬರೆದುಕೊಟ್ಟದ್ದು ಇದೇ ಮುಂಬಯಿ ಪ್ರಾಂತ್ಯದ ಅನುಭವದ ಮೇಲೆ. ಅಲ್ಲಿ ಕನ್ನಡ ಏಳನೆಯ ಇಯತ್ತೆಯ (ತರಗತಿಯ) ಕೊನೆಗೆ ಮುಲ್ಕಿ ಪರೀಕ್ಷೆ. ಅದು ಪಾಸಾದರೆ ಶಾಲಾ ಮಾಸ್ತರಿಕೆ, ತಲಾಟಿ (ಗ್ರಾಮ ಲೆಕ್ಕಿಗ) ಕೆಲಸದಂಥವಕ್ಕೆ ದಾರಿ. ಹಾವೇರಿ, ಧಾರವಾಡ ಕಡೆಯ ಹಿರಿಯರ ಬಾಯಲ್ಲಿ ‘ಮುಲ್ಕಿ ಪಾಸು’ ಎಂಬ ಮಾತಿಗೆ ಈಗಲೂ ತೂಕವಿದೆ.

ಮದ್ರಾಸು ಎರಡು ರೀತಿ ಬೆರೆಸಿತು. ಪ್ರಾಥಮಿಕಕ್ಕೆ ಫಲಿತಾಂಶದ ಲೆಕ್ಕ, ಮೇಲಿನ ಶಾಲೆಗಳಿಗೆ ಸಂಬಳದ ಗ್ರಾಂಟು. ಸರ್ಟಿಫಿಕೇಟು ಇರುವ ಮೇಷ್ಟ್ರ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರ ಕೊಡುತ್ತಿತ್ತು. ಮಕ್ಕಳ ಪಾಸು-ಫೇಲಿನ ಭಯ ಇದರಲ್ಲಿಲ್ಲ. ಇದರ ರೋಗವೇ ಬೇರೆ: ಆಡಳಿತ ಮಂಡಳಿ ಕಾಗದದಲ್ಲಿ ಹೆಚ್ಚು ಸಂಬಳ ತೋರಿಸಿ, ಮೇಷ್ಟ್ರಿಂದ ಸಹಿ ಹಾಕಿಸಿಕೊಂಡು, ಒಂದಷ್ಟನ್ನು ‘ದೇಣಿಗೆ’ಯಾಗಿ ವಾಪಸ್ ಪಡೆಯುವುದು. (ಈ ರೋಗಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ ಎಂದು ಕೆಲವು ಓದುಗರು ಗೊಣಗಬಹುದು.)

ಮೈಸೂರಿನ ಮುಖ್ಯ ದಾರಿ ಇನ್ನೊಂದು. ಬಿ.ಎಲ್. ರೈಸ್ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದಾಗ, 1868ರಲ್ಲಿ, ಹೋಬಳಿಗೊಂದು ಶಾಲೆಯ ಯೋಜನೆ ಬಂತು. ಊರಿನವರು ಜಾಗ, ಕಟ್ಟಡ ಒದಗಿಸಬೇಕು, ಮೇಷ್ಟ್ರ ಸಂಬಳ ಸರ್ಕಾರದ್ದು. ಇಲ್ಲಿ ಸಂಬಳ ಮಗುವಿನ ಪಾಸಿಗೆ ಕಟ್ಟಿದ್ದಲ್ಲ. ಉರು ಹೊಡೆಸುವ ಒತ್ತಡ ಕಡಿಮೆ, ಹಾಗೆಯೇ ಮೇಷ್ಟ್ರು ಶಾಲೆಗೆ ಬಾರದಿದ್ದರೆ ಹಿಡಿಯುವ ಉಪಾಯವೂ ಕಡಿಮೆ. ಇದೇ ರೈಸ್ ಮುಂದೆ ಶಾಸನ ಇಲಾಖೆಗೆ ಹೋಗಿ, 1892ರಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬೆಳಕಿಗೆ ತಂದವರು. ಚಿತ್ರದುರ್ಗದವರಿಗೆ ಅವರು ಪರಿಚಯವಿರುವುದು ಆ ಕಾರಣಕ್ಕೆ, ಹೋಬಳಿ ಶಾಲೆಗಳಿಗಾಗಿ ಅಲ್ಲ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಪಾಸಾಗಲು 65 ಅಂಕ ಬೇಕಿತ್ತು, ಭಾರತೀಯರ ಬುದ್ಧಿ ಅರ್ಧ ಎಂದು ಬ್ರಿಟಿಷರು ಅದನ್ನು 32.5 ಮಾಡಿದರು, ಅದೇ 33 ಆಯಿತು ಎಂಬ ವಾಟ್ಸ್‌ಆಪ್ ಸಂದೇಶ ನಿಜವೇ? – ಓದುಗರು, ಹೊಳಲ್ಕೆರೆ

ನಂಬಬೇಡಿ. ಆ ಸಂದೇಶ ಯಾವ ಆದೇಶದ ಸಂಖ್ಯೆಯನ್ನೂ ಕೊಡುವುದಿಲ್ಲ. ಮೇಲೆ ನೋಡಿದಿರಲ್ಲ, ಇಂಗ್ಲೆಂಡಿನ ಶಾಲಾ ಸಂಹಿತೆಯಲ್ಲಿ ಶೇಕಡಾವಾರು ಎಂಬುದೇ ಇರಲಿಲ್ಲ. ಒಂದೊಂದು ವಿಷಯಕ್ಕೆ ಪಾಸು, ಇಲ್ಲವೇ ಫೇಲು. ಇನ್ನು ಇಲ್ಲಿನ ವಿಶ್ವವಿದ್ಯಾಲಯಗಳು (ಕಲ್ಕತ್ತ, ಮುಂಬಯಿ, ಮದ್ರಾಸ್ ಮೂರೂ 1857ರವು) ತಮ್ಮ ತಮ್ಮ ಕನಿಷ್ಠ ಅಂಕವನ್ನು ತಾವೇ ಗೊತ್ತುಮಾಡಿಕೊಂಡವು.

ಮಟ್ಟ ಸಡಿಲಿಸಿದ್ದಕ್ಕೆ ದಾಖಲೆ ಇರುವ ಪ್ರಸಂಗ ಬೇರೆ ಇದೆ. 1858ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಮೊದಲ ಬಿ.ಎ. ಪರೀಕ್ಷೆಯಲ್ಲಿ ನಿಯಮದ ಪ್ರಕಾರ ಯಾರೂ ಪಾಸಾಗಲಿಲ್ಲ. ಆರರಲ್ಲಿ ಐದು ವಿಷಯ ಚೆನ್ನಾಗಿ ಮಾಡಿ, ಒಂದರಲ್ಲಿ 7 ಅಂಕದೊಳಗೆ ಕಡಿಮೆ ಬಿದ್ದ ಇಬ್ಬರಿಗೆ ಕೃಪಾಂಕ ಕೊಟ್ಟು ಪದವಿ ಕೊಟ್ಟರು. ಒಬ್ಬರು ಬಂಕಿಮಚಂದ್ರ ಚಟರ್ಜಿ, ಇನ್ನೊಬ್ಬರು ಜದುನಾಥ ಬೋಸ್.

ಪ್ರಶ್ನೆ: ಈಗಿನ ಎಸ್‌ಎಸ್‌ಎಲ್‌ಸಿ ಜಿಲ್ಲಾವಾರು ಸ್ಥಾನದ ಪೈಪೋಟಿಯೂ ಅದೇ ಹಳೆಯ ಪದ್ಧತಿಯ ಮುಂದುವರಿಕೆಯೇ? – ಶಿಕ್ಷಕಿ, ಚಿತ್ರದುರ್ಗ

ನೇರ ಸಂಬಂಧವಿಲ್ಲ. ಅಲ್ಲಿ ಒಂದು ಮಗು ಒಂದು ವಿಷಯದಲ್ಲಿ ಫೇಲಾದರೆ ಇಂತಿಷ್ಟು ದುಡ್ಡು ಕಡಿತ ಎಂಬ ಸೂತ್ರವಿತ್ತು, ಜಿಲ್ಲಾ ಪಟ್ಟಿಗೆ ಅಂಥ ಸೂತ್ರವಿಲ್ಲ. ಆದರೆ ಒಂದೇ ಅಂಕಿ ಮಗುವನ್ನೂ ಅಳೆಯಬೇಕು, ಮೇಷ್ಟ್ರನ್ನೂ ಅಧಿಕಾರಿಯನ್ನೂ ಅಳೆಯಬೇಕು ಎಂದಾಗ ಆ ಅಂಕಿಯ ಮೇಲೆ ಬೀಳುವ ಒತ್ತಡ ಆಗಿನದ್ದೇ. ಚಿತ್ರದುರ್ಗ 2023ರಲ್ಲಿ ರಾಜ್ಯಕ್ಕೇ ಮೊದಲಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ಮೇಲೆ ಆ ಸ್ಥಾನ ಉಳಿಯಲಿಲ್ಲ. ಇದು ಒಂದು ಜಿಲ್ಲೆಯ ಮಾತೂ ಅಲ್ಲ: ಕೃಪಾಂಕ ಕೊಟ್ಟ ಮೇಲೂ ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. ಕಲಿಕೆ ಒಂದೇ ವರ್ಷದಲ್ಲಿ ಅಷ್ಟು ಕುಸಿಯುವುದಿಲ್ಲ, ಬದಲಾದದ್ದು ಅಳತೆ.

ಪ್ರಶ್ನೆ: ಹರಪನಹಳ್ಳಿ ಕಡೆಯ ನಮ್ಮೂರ ಶಾಲೆಯ ಸ್ಮರಣಸಂಚಿಕೆಗೆ ಹಳೆಯ ಗ್ರಾಂಟಿನ ವಿವರ ಬೇಕು. ಎಲ್ಲಿಂದ ಶುರು ಮಾಡಬೇಕು? ಕೈಗೆ ಸಿಕ್ಕ ಒಂದು ಹಳೆಯ ಕಾಗದದಲ್ಲಿ ‘ಫಸಲಿ 1310, ರೂ. 12-8-6’ ಎಂದಿದೆ. – ಓದುಗರು, ದಾವಣಗೆರೆ

ನಿಮ್ಮ ಜಿಲ್ಲೆಯ ಕಚೇರಿಯಿಂದ ಶುರು ಮಾಡಿದರೆ ತಿಂಗಳುಗಟ್ಟಲೆ ಅಲೆಯುತ್ತೀರಿ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂದು ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಬ್ರಿಟಿಷರ ಕಾಲಕ್ಕೆ ಅದು ಮದ್ರಾಸ್. ಆದ್ದರಿಂದ ಮೊದಲು ನೋಡಬೇಕಾದ್ದು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಅಲ್ಲಿ ಮದ್ರಾಸ್ ಶಿಕ್ಷಣ ಇಲಾಖೆಯ ವಾರ್ಷಿಕ ವರದಿ ಮತ್ತು ಸರ್ಕಾರಿ ಆದೇಶಗಳನ್ನು ಕೇಳಿ. ಹೋಗುವ ಮೊದಲು ಊರಿನ ಹೆಸರಿನ ಹಳೆಯ ಇಂಗ್ಲಿಷ್ ಕಾಗುಣಿತಗಳನ್ನೆಲ್ಲ ಬರೆದಿಟ್ಟುಕೊಳ್ಳಿ, ಒಂದೇ ಊರು ಮೂರು ರೀತಿ ಬರೆದಿರುತ್ತಾರೆ. ಶಾಲೆ ಯಾರದು ಎಂಬುದೂ ಮುಖ್ಯ: ಬೋರ್ಡ್ (ಸ್ಥಳೀಯ ಮಂಡಳಿಯ) ಶಾಲೆಯಾದರೆ ಲೋಕಲ್ ಫಂಡ್ ಕಡತ, ಖಾಸಗಿ ಶಾಲೆಯಾದರೆ ಮಾತ್ರ ಗ್ರಾಂಟಿನ ಕಡತ. ಇದನ್ನು ಗೊತ್ತುಮಾಡಿಕೊಳ್ಳದೆ ಹೋದವರು ತಪ್ಪು ಕಟ್ಟು ತರಿಸಿಕೊಂಡು ದಿನ ಕಳೆಯುತ್ತಾರೆ. ಚಿತ್ರದುರ್ಗ, ದಾವಣಗೆರೆ, ಹರಿಹರದ ಶಾಲೆಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ರಾಣೆಬೆನ್ನೂರು ಕಡೆಯವಕ್ಕೆ ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರ.

ಹಳೆಯ ದಾಖಲಾತಿ ಪುಸ್ತಕ ಸಿಕ್ಕರೆ ತರಗತಿಯ ಹೆಸರು ನೋಡಿ ಮೋಸಹೋಗಬೇಡಿ. ಮದ್ರಾಸಿನ ಫಸ್ಟ್ ಫಾರಂ ಈಗಿನ ಆರನೇ ತರಗತಿ, ಸಿಕ್ಸ್ತ್ ಫಾರಂ ಹನ್ನೊಂದನೇ ವರ್ಷ. ಮುಂಬಯಿ ಕಡೆ ನಾಲ್ಕು ವರ್ಷ ಕನ್ನಡ ಓದಿದ ಮೇಲೆ ‘ಇಂಗ್ಲಿಷ್ ಒಂದನೆಯದು’, ಅಂದರೆ ಅದು ಐದನೇ ತರಗತಿ.

ಫಸಲಿ ಎಂದರೆ ಕಂದಾಯದ ಲೆಕ್ಕದ ವರ್ಷ. ನಿಮ್ಮ ಕಾಗದದ ಫಸಲಿಗೆ 590 ಕೂಡಿಸಿ: 1310 ಎಂದರೆ 1900ರ ಜುಲೈ 1ರಿಂದ 1901ರ ಜೂನ್ 30ರವರೆಗೆ. 12-8-6 ಎಂದರೆ 12 ರೂಪಾಯಿ 8 ಆಣೆ 6 ಪೈ. ಹದಿನಾರಾಣೆಗೆ ಒಂದು ರೂಪಾಯಿ, ಹನ್ನೆರಡು ಪೈಗೆ ಒಂದಾಣೆ. ದಶಮಾಂಶದಲ್ಲಿ ಬರೆಯುವುದಾದರೆ 12.53, 12.86 ಅಲ್ಲ.