ಲ್ಯೂಸಿನ್ ಬಂದದ್ದು ಯಾರಿಗೆ ಗೊತ್ತಾತು?

ಊಟದಾಗಿನ ಅಮೈನೋ ಆಮ್ಲ, ಅಂದ್ರ ಪ್ರೋಟೀನಿನ ಇಟ್ಟಿಗಿ, ಬಂದದ್ದು ಜೀವಕೋಶಕ್ಕ ಹೆಂಗ ಗೊತ್ತಾಗ್ತದ ಅನ್ನೋದರ ಮ್ಯಾಲೆ ನೀವು ಕಳಿಸಿದ ಲೇಖನ 'ಜೀವಕೋಶದ ಹಸಿವು' ಓದಿದೆ. ಭಾಷೆ ಚಲೋ ಅದ, ಕನ್ನಡದಾಗ ಇಂಥ ವಿಷಯಕ್ಕ ಕೈ ಹಾಕೋರು ಕಡಿಮಿ, ಜೋಳದ ರೊಟ್ಟಿಯಿಂದ ಶುರು ಮಾಡಿದ್ದೂ ಖುಷಿ ಆತು. ಆದ್ರ ಮೂರನೇ ಪ್ಯಾರಾಕ್ಕ ಬಂದ ಮ್ಯಾಲೆ ಸಿಟ್ಟು ಬಂತ್ರಿ, ಅದನ್ನ ಮುಚ್ಚಿಡದ ನೇರ ಬರಿಯಾಕತ್ತೀನಿ.

ನಿಮ್ಮ ಸಾಲು: "ಅಮೈನೋ ಆಮ್ಲ ಬಂದದ್ದು ಜೀವಕೋಶಕ್ಕೆ ಗೊತ್ತಾಗುತ್ತದೆ, ಎಂಟಾರ್ ಚಾಲೂ ಆಗುತ್ತದೆ, ಬೆಳವಣಿಗೆ ಶುರುವಾಗುತ್ತದೆ." ಎಂಟಾರ್ ಅಂದ್ರ ಬೆಳವಣಿಗೆಗೆ ಅಪ್ಪಣೆ ಕೊಡೋ ಪ್ರೋಟೀನ್, ಅದು ಸರಿ. ಯಾರಿಗೆ ಗೊತ್ತಾತು? ಒಳಗ ಕುಂತು ನೋಡೋರು ಯಾರೂ ಇಲ್ಲ. ಇಡೀ ಲೇಖನದ ಜೀವ ಇರೋದೇ ಈ ಪ್ರಶ್ನೆಯೊಳಗ, ನೀವು ಅದನ್ನ ಒಂದು ಕಾಮಾದಾಗ ದಾಟಿಬಿಟ್ರಿ. ಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಹೋಗಿ ಕೂಡೋದು ಸೆಸ್ಟ್ರಿನ್-2 ಅನ್ನೋ ಪ್ರೋಟೀನಿನ ಒಂದು ಸಣ್ಣ ಸಂದಿಯೊಳಗ. ಲ್ಯೂಸಿನ್ ಇಲ್ಲದಾಗ ಈ ಸೆಸ್ಟ್ರಿನ್ ಗೇಟರ್-2 ಅನ್ನೋ ಪ್ರೋಟೀನುಗಳ ಗುಂಪನ್ನ ಹಿಡಕೊಂಡು ಕೆಲಸ ಮಾಡಗೊಡಂಗಿಲ್ಲ, ಗೇಟರ್-2 ಸುಮ್ಮನಾದ್ರ ಗೇಟರ್-1 ಅನ್ನೋ ಇನ್ನೊಂದು ಗುಂಪನ್ನ ತಡೆಯೋರಿಲ್ಲ, ಅದು ರಾಗ್ ಪ್ರೋಟೀನುಗಳನ್ನ ಆಫ್ ಮಾಡ್ತದ, ರಾಗ್ ಆಫ್ ಆದ್ರ ಎಂಟಾರ್ ಲೈಸೋಸೋಮಿನ (ಜೀವಕೋಶದೊಳಗಿನ ಜೀರ್ಣದ ಚೀಲ) ಮೈಮ್ಯಾಲೆ ಬಂದು ಕೂಡಂಗಿಲ್ಲ, ಅಲ್ಲಿ ಕೂಡದ ಅದಕ್ಕ ಚಾಲನೆ ಸಿಗಂಗಿಲ್ಲ. ಲ್ಯೂಸಿನ್ ಬಂತಂದ್ರ ಸೆಸ್ಟ್ರಿನ್ ಗೇಟರ್-2ನ್ನ ಬಿಡ್ತದ, ಪೂರಾ ಸರಪಳಿ ಉಲ್ಟಾ ತಿರುಗ್ತದ. ಅಂದ್ರ ಲ್ಯೂಸಿನ್ ಎಂಟಾರನ್ನ ಮುಟ್ಟೋದೇ ಇಲ್ಲ, ಅದು ಮಾಡೋದು ತಡೆ ತೆಗೆಯೋ ಕೆಲಸ. ಅರ್ಜಿನೀನ್ ಅನ್ನೋ ಇನ್ನೊಂದು ಅಮೈನೋ ಆಮ್ಲಕ್ಕ ಕ್ಯಾಸ್ಟರ್-1 ಅಂತ ಬ್ಯಾರೆನೇ ಪ್ರೋಟೀನ್ ಅದ, ಅದೂ ಹಿಡಿಯೋದು ಇದೇ ಗೇಟರ್-2ನ್ನ. ಎಷ್ಟು ಚಂದ ಅದ ನೋಡ್ರಿ! ನಿಮ್ಮ "ಚಾಲೂ ಆಗುತ್ತದೆ" ಒಳಗ ಇದ್ಯಾವುದೂ ಇಲ್ಲ.

ರಾಯಚೂರಿನ ಒಂದು ಸಣ್ಣ ಪತ್ರಿಕೆಯಾಗ ನಾನು ಕೆಲಸ ಕಲಿಯುವಾಗ ತುಂಗಭದ್ರಾ ಎಡದಂಡೆ ಕಾಲುವೆಯ ಪ್ರೆಸ್ ನೋಟ್ ತಿದ್ದೋದು ನನ್ನ ಪಾಲಿಗೆ ಬರ್ತಿತ್ತು. "ನೀರು ಬಿಡಲಾಗಿದೆ" ಅಂತ ಇರ್ತಿತ್ತು. ನಮ್ಮ ಹಿರಿಯ ಉಪಸಂಪಾದಕರು ಕೆಂಪು ಪೆನ್ನಿಲೆ ಅದರ ಕೆಳಗ ಗೆರಿ ಎಳೆದು ಕೇಳೋರು, ಯಾರು ಬಿಟ್ರು, ಎಲ್ಲಿಂದ ಬಿಟ್ರು, ಎಷ್ಟು ಕ್ಯೂಸೆಕ್, ಮಾನ್ವಿ ಕಡಿ ಟೇಲೆಂಡಿಗೆ ಮುಟ್ಟಿತೋ ಇಲ್ಲೋ? ಫೋನ್ ಮಾಡಿ ಕೇಳೋತನಕ ಸುದ್ದಿ ಪುಟಕ್ಕ ಹೋಗ್ತಿರ್ಲಿಲ್ಲ. ಕಡೀ ಹೊಲದ ರೈತ ಓದೋದೇ ಈ ಸಾಲು, ಅವನು ಏನಂತ ತಿಳ್ಕೋಬೇಕು ಅನ್ನೋರು. ಯಾವ ಲೇಖನ ಬಂದ್ರೂ ಕೆಲಸ ಮಾಡಿದೋರು ಯಾರು ಅಂತ ಹುಡುಕೋ ರೂಢಿ ನನಗ ಅಲ್ಲಿಂದ ಬಂತು, ಇವತ್ತಿಗೂ ಬಿಟ್ಟಿಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. "ಜೋಳದಲ್ಲಿ ಲೈಸಿನ್ ಕಡಿಮೆ, ಬೇಳೆ ಅದನ್ನು ತುಂಬುತ್ತದೆ, ಇದನ್ನೇ ಎಂಟಾರ್ ಅಳೆಯುತ್ತದೆ." ಮೊದಲಿನ ಎರಡು ಮಾತು ಖರೆ. ಮೂರನೇದಕ್ಕ ಆಧಾರ ಎಲ್ಲೈತಿ? ಸೆಸ್ಟ್ರಿನ್-2 ಹಿಡಿಯೋದು ಲ್ಯೂಸಿನ್, ಲೈಸಿನ್ ಅಲ್ಲ, ಹೆಸರು ಹತ್ರ ಇದ್ರೂ ಎರಡೂ ಬ್ಯಾರೆ ಬ್ಯಾರೆ ಅಮೈನೋ ಆಮ್ಲ. ಮತ್ತ ಜೋಳದಾಗ ಲ್ಯೂಸಿನ್ ಬೇಕಾದಷ್ಟು ಅದ, ಎಷ್ಟಂದ್ರ 1960ರ ಸುಮಾರಿಗೆ ಹೈದರಾಬಾದಿನಾಗ ಪೋಷಣೆಯ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತ ಎಸ್. ಜಿ. ಶ್ರೀಕಾಂತಿಯಾ ಅವರು ಜೋಳ ಉಣ್ಣೋರಿಗೆ ಪೆಲ್ಲಾಗ್ರಾ (ನಯಾಸಿನ್ ಅನ್ನೋ ಬಿ ವಿಟಮಿನ್ ಕೊರತಿಯ ರೋಗ) ಬರೋದಕ್ಕ ಆ ಹೆಚ್ಚಿನ ಲ್ಯೂಸಿನ್ನೇ ಕಾರಣ ಇರಬಹುದು ಅಂತ ವಾದ ಮುಂದಿಟ್ಟಿದ್ರು, ಆಮ್ಯಾಲೆ ಅದಕ್ಕ ತಕರಾರೂ ಎದ್ವು. ನಮ್ಮ ಕಡಿ ರೊಟ್ಟಿ ಹಿಡಕೊಂಡು ಹೊರಟವರು ಇದನ್ನ ಹೆಂಗ ಬಿಟ್ರಿ?

ಹಂಗಾರ ಲೈಸಿನ್ ಖರೇನ ಕಡಿಮಿ ಬಿದ್ದಾಗ ಏನಾಗ್ತದ? ಅಲ್ಲಿ ಜಿಸಿಎನ್2 ಅನ್ನೋ ಪ್ರೋಟೀನ್ ಬರ್ಬೇಕು, ನಿಮ್ಮ ಲೇಖನದಾಗ ಅದರ ಹೆಸರೇ ಇಲ್ಲ. ಪ್ರೋಟೀನ್ ಕಟ್ಟೋ ಜಾಗಕ್ಕ ಲೈಸಿನ್ ಹೊತ್ತು ತರಬೇಕಾದ ಟಿಆರ್‌ಎನ್‌ಎ ಖಾಲಿ ಉಳೀತದ, ಆ ಖಾಲಿ ಟಿಆರ್‌ಎನ್‌ಎ ಜಿಸಿಎನ್2ಕ್ಕ ಅಂಟಿ ಅದನ್ನ ಎಬ್ಬಿಸ್ತದ, ಅದು ಪ್ರೋಟೀನ್ ತಯಾರಿ ಶುರು ಮಾಡಿಸೋ ಇಐಎಫ್2-ಆಲ್ಫಾಕ್ಕ ಒಂದು ಫಾಸ್ಫೇಟ್ ಹಚ್ತದ, ಒಟ್ಟಾರೆ ಪ್ರೋಟೀನ್ ತಯಾರಿ ನಿಧಾನ ಆಗ್ತದ, ಆದ್ರ ಅದೇ ಹೊತ್ತಿಗೆ ಎಟಿಎಫ್4 ಅನ್ನೋ ಪ್ರೋಟೀನ್ ಹೆಚ್ಚು ತಯಾರಾಗಿ ಅಮೈನೋ ಆಮ್ಲ ಕಟ್ಟೋ ಮತ್ತ ಹೊರಗಿಂದ ಒಳಗ ತರೋ ಜೀನುಗಳನ್ನ ಚಾಲೂ ಮಾಡ್ತದ. ಲೈಸಿನ್ ನಮ್ಮ ಮೈ ಕಟ್ಟಾಕ ಬರಂಗಿಲ್ಲ, ಊಟದಿಂದಲೇ ಬರ್ಬೇಕು, ನಿಮ್ಮ ಬ್ಯಾಳಿಗೆ ಜಾಗ ಇರೋದು ಇಲ್ಲೇ.

ಎಂಟಾರನ್ನ ತಡೆಯೋ ಔಷಧ ರಾಪಾಮೈಸಿನ್, ಅದು ಸಿಕ್ಕ ಈಸ್ಟರ್ ದ್ವೀಪದ ಮಣ್ಣು, ಆಯುಷ್ಯದ ಮಾತು ಎಲ್ಲಾ ಹಂಗೇ ಇರ್ಲಿ. ಮೂರನೇ ನಾಲ್ಕನೇ ಪ್ಯಾರಾ ಹೊಸದಾಗಿ ಬರೆದು ಕಳಿಸ್ರಿ, ಉದ್ದಾದ್ರೂ ಜಾಗ ಕೊಡ್ತೀನಿ. ಚಿತ್ರ ಬರೆಯೋರು ಗೊತ್ತಿದ್ರ ಸೆಸ್ಟ್ರಿನ್‌ನಿಂದ ಲೈಸೋಸೋಮ್ ತನಕ ಒಂದು ಬರೆಸ್ರಿ, ಚಾಲೂ ಮಾಡೋದಕ್ಕ ಬಾಣ, ತಡೆಯೋದಕ್ಕ ಅಡ್ಡಗೆರಿ ಇರ್ಲಿ.