ಹೆಣ್ಣುಮಕ್ಕಳ ಪಾಲು: ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ತೀರ್ಥಹಳ್ಳಿಯಿಂದ ಖಾರವಾಗಿಯೇ ಬರೆದಿದ್ದೀರಿ. ಪ್ರಗತಿಪರರು ದಿಲ್ಲಿಯಲ್ಲಿ ಕೂತು ಕಾನೂನು ಮಾಡಿದರು, ಇಲ್ಲಿ ಅಣ್ಣ-ತಂಗಿ ಕೋರ್ಟು ಮೆಟ್ಟಿಲು ಹತ್ತಿದರು. ಕೈ ಹಾಕಿದ್ದು ಹಿಂದೂಗಳ ಮನೆಗೆ ಮಾತ್ರ. ಪ್ರಶ್ನೆ ಕೇಳಿದರೆ 'ಗೊಡ್ಡು ಸಂಪ್ರದಾಯಸ್ಥ' ಎಂಬ ಬಿರುದು. ಇದು ನಿಮ್ಮ ತಕರಾರು.

ಕೊನೆಯದು ನಿಜ. ಎದುರಾಡಿದವರೆಲ್ಲ ಮೂಢರು ಎಂದುಕೊಳ್ಳುವ ಚಾಳಿ ಪ್ರಗತಿಪರರಲ್ಲಿ ಇದೆ, ಅದರಿಂದ ನಷ್ಟವೂ ಅವರಿಗೇ. 'ಹಿಂದೂಗಳಿಗೆ ಮಾತ್ರ ಯಾಕೆ' ಎಂದು, ಹಿಂದೂಗಳ ಮದುವೆ, ಆಸ್ತಿಯ ಕಾನೂನು ತಿದ್ದಲು ಹೊರಟಿದ್ದ ಹಿಂದೂ ಸಂಹಿತೆ ಮಸೂದೆಯ ಚರ್ಚೆಯಲ್ಲಿ, ಜನಸಂಘ ಕಟ್ಟಿದ ಶ್ಯಾಮಾಪ್ರಸಾದ ಮುಖರ್ಜಿಯವರೂ ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಆದರೆ ಪಕ್ಕದ ಮನೆ ಮಗಳಿಗೆ ಸಿಗಲಿಲ್ಲವೆಂದು ನಮ್ಮ ಮಗಳ ಪಾಲು ತಡೆಹಿಡಿಯಲು ಬರುವುದಿಲ್ಲವಲ್ಲ. ಮಸೂದೆ ಮುಂದೆ ಸಾಗದೆ ಕಾನೂನು ಸಚಿವ ಅಂಬೇಡ್ಕರ್ 1951ರಲ್ಲಿ ರಾಜೀನಾಮೆ ಕೊಟ್ಟರು. 1956ರಲ್ಲಿ ಉತ್ತರಾಧಿಕಾರ ಕಾಯ್ದೆ ಬಂದಾಗಲೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗಷ್ಟೇ ಉಳಿಯಿತು. 'ಆತುರ ಬೇಡ' ಅಂದವರ ಮಾತೇ ನಡೆದಿತ್ತು.

ದಿಲ್ಲಿಯಿಂದ ಹೇರಿದ್ದು ಎಂಬ ಮಾತು ಮಾತ್ರ ನಿಲ್ಲದು. ನಿಮ್ಮ ಊರೂ ಸೇರಿದ್ದ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳಿಗೆ ಕಾಯ್ದೆ ಮಾಡಿ, ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲಿನಲ್ಲಿ ಒಂದಿಷ್ಟು ಕೊಟ್ಟಿತ್ತು. ಗದ್ದುಗೆಯಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್. ದೈವಭಕ್ತಿಯಲ್ಲಿ ಅವರನ್ನು ಮೀರಿಸಿದವರನ್ನು ಹುಡುಕಬೇಕು! 1994ರಲ್ಲಿ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ ಜಾರಿಯಾಗಿ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಬಂತು. ದಿಲ್ಲಿ ಎಚ್ಚೆತ್ತು ದೇಶಕ್ಕೆಲ್ಲ ಇಂಥ ತಿದ್ದುಪಡಿ ತಂದದ್ದು 2005ರಲ್ಲಿ.

ಇನ್ನು ಮನೆ ಒಡೆಯುವ ಮಾತು. ಯಾವುದಾದರೂ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಅಕ್ಕತಂಗಿಯರು ಬಸ್ಸಿಳಿದು ಬರುತ್ತಾರೆ. ಪತ್ರ ಬರಹಗಾರ ಪೂರ್ತಿ ಓದಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಅಣ್ಣನ ಲೆಕ್ಕದಲ್ಲಿ ಹೋಟೆಲ್ ಊಟ, ಒಂದು ಸೀರೆ. ಯಾಕಮ್ಮ ಬಿಟ್ಟುಕೊಟ್ರಿ ಅಂದರೆ, 'ತವರಿಗೆ ಹೋಗಿ ಬರೋ ದಾರಿ ಇರಲಿ ಅಂತ' ಅನ್ನುತ್ತಾರೆ. ಆ ಮನೆ ಒಡೆಯಲಿಲ್ಲ, ಸರಿ. ಉಳಿಸಿದ ಖರ್ಚು ಯಾರ ತಲೆಗೆ ಬಿತ್ತು?

ಪಾಲು ಕೇಳಿದವಳನ್ನು ಬಾಣಂತನಕ್ಕೆ ಯಾರು ಕರೆಯುತ್ತಾರೆ, ಗೌರಿ ಹಬ್ಬಕ್ಕೆ ಬಾಗಿನ ಯಾರು ಕಳಿಸುತ್ತಾರೆ ಎಂಬುದಕ್ಕೆ ಪ್ರಗತಿಪರರ ಬಳಿಯೂ ಉತ್ತರವಿಲ್ಲ. ಅವರು ಕಾಯ್ದೆಗೆ ನಿಲ್ಲಿಸಿಬಿಟ್ಟರು. ನಿಮ್ಮ ಟೀಕೆಗೆ ನಿಜವಾದ ಬಲವಿರುವುದು ಅಲ್ಲಿ, ನಿಮ್ಮ ಪತ್ರದಲ್ಲಿ ಇಲ್ಲದಿರುವುದೂ ಅದೇ. ಅದನ್ನು ಬರೆದು ಕಳಿಸಿ, ಖಂಡಿತ ಪ್ರಕಟಿಸುತ್ತೇವೆ. ಲೇಖನವನ್ನು ಹಿಂಪಡೆಯಬೇಕೆಂಬ ಬೇಡಿಕೆಗೆ ಮಾತ್ರ ಒಪ್ಪಲಾರೆವು.

– ಸಂ.