ಪಿಯುಸಿ ಆದ ಹುಡುಗನಿಗೆ ಡಿಗ್ರಿಯೇ ಬೇಕಾ, ಐಟಿಐ ಸಾಕಾ? (ಬೆಳಗಾವಿ)

ನನ್ನ ತಮ್ಮ ಪಿಯುಸಿ ಆರ್ಟ್ಸ್ ಮುಗಿಸಿದ್ದಾನೆ, ಗೆಳೆಯರ ಬೆನ್ನು ಹತ್ತಿ ಬಿ.ಎ.ಗೆ ಹೊರಟಿದ್ದಾನೆ, ತಡೆಯಲಾ ಅಂತ ಕೇಳಿದ್ದೀರಿ. ತಡೆಯುವ ಮುಂಚೆ ಒಂದು ದಿನ ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಕರಕೊಂಡು ಹೋಗಿ. ಫೌಂಡ್ರಿಯಿಂದ (ಎರಕದ ಕಾರ್ಖಾನೆ) ಬಂದ ಒರಟು ಬೀಡುಕಬ್ಬಿಣ ಲೇತ್ ಯಂತ್ರದ ಮೇಲೆ ತಿರುಗುತ್ತ, ಕರಿಪುಡಿ ಉದುರಿಸಿ, ಮೈಕ್ರೋಮೀಟರ್ ಅಳತೆಗೆ ಬರುವುದನ್ನು ನೋಡಲಿ. ಕಣ್ಣರಳಿದರೆ ಐಟಿಐಗೆ ಹಾಕಿ. ಮೂಗು ಮುರಿದರೆ ಒತ್ತಾಯ ಬೇಡ, ದಿನವಿಡೀ ನಿಂತು ಮಾಡುವ ಕೆಲಸವದು.

ಐಟಿಐಯಲ್ಲಿ ಫಿಟ್ಟರ್, ಟರ್ನರ್ ಕೋರ್ಸ್ 2 ವರ್ಷ, ವೆಲ್ಡರ್ 1 ವರ್ಷ. ಆಮೇಲೆ ಅಪ್ರೆಂಟಿಸ್ ಆದರೆ ಸ್ಟೈಪೆಂಡ್ ಸಿಗುತ್ತದೆ. ಐಟಿಐ ಅಂದರೆ ಓದಿಗೆ ಎಳ್ಳುನೀರು ಅನ್ನುವುದು ಸುಳ್ಳು. 2 ವರ್ಷದ ಐಟಿಐ ಮೇಲೆ ಡಿಪ್ಲೊಮಾದ 2ನೇ ವರ್ಷಕ್ಕೆ, ಅದು ಮುಗಿದ ಮೇಲೆ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗ್‌ನ 2ನೇ ವರ್ಷಕ್ಕೆ ಸೇರುವ ದಾರಿ ಇದೆ.

ಪೊಲೀಸ್ ಕಾನ್‌ಸ್ಟೆಬಲ್‌ಗೆ ಪಿಯುಸಿ ಸಾಕು. ಪಿಎಸ್‌ಐ, ಕೆಎಎಸ್‌ನಂಥ ಕನಸಿದ್ದರೆ ಡಿಗ್ರಿ ಬೇಕೇ ಬೇಕು. ಗುರಿಯಿಲ್ಲದ ಬಿ.ಎ.ಗೆ ನಾನಂತೂ 3 ವರ್ಷ ಕೊಡುವುದಿಲ್ಲ. ಕನ್ಯಾ ಕೊಡುವವರು ಡಿಗ್ರಿ ಕೇಳುತ್ತಾರೆ ಅನ್ನುವಿರೇನೋ (ಕೇಳುತ್ತಾರೆ, ನಿಜ!). ಕೆಲಸ ಮಾಡುತ್ತಲೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಎ. ಕಟ್ಟಬಹುದು.